ಅವ್ವನ ಕಲ್ಲಿನ ಡಬ್ಬಿ

ನಮ್ಮವ್ವ ತೀರಿಕೊಂಡ ಮೇಲೆ ಅವಳ ಸಾಮಾನನ್ನೆಲ್ಲ ವಿಲೇವಾರಿ ಮಾಡಿದವಳು ನಾನೇ. ವಿಲೇವಾರಿ ಎಂಬುದು ಕಚೇರಿಯ ಮಾತು, ಹೆತ್ತ ತಾಯಿಯ ಸಾಮಾನಿಗೆ ಬಳಸುವಂಥದ್ದಲ್ಲ ಎಂದು ನನಗೂ ಗೊತ್ತು. ಆದರೆ ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯ ಲೆಕ್ಕದ ವಿಭಾಗದಲ್ಲಿ ಕೂತು ಕೂತು ತಲೆ ನರೆತವಳು ನಾನು, ನನ್ನ ಬಾಯಿಗೆ ಇಂಥ ಮಾತುಗಳೇ ಮೊದಲು ಬರುತ್ತವೆ. ಒಳ್ಳೆಯ ಸೀರೆಗಳನ್ನು ಕಂಪ್ಲಿಯ ಚಿಗವ್ವನಿಗೆ, ಅಂದರೆ ಅವ್ವನ ತಂಗಿಗೆ ಕೊಟ್ಟೆ. ಹಳೆಯವನ್ನು ಕೌದಿ ಹೊಲಿಸಲು ಎತ್ತಿಟ್ಟೆ. ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ಎರಡು ತೆಂಗಿನ ಚಿಪ್ಪುಗಳು ನೇತಾಡುತ್ತಿದ್ದವು. ಒಂದೊಂದಕ್ಕೂ ಮೂರು ತೂತು, ತೂತಿಗೆ ಗಟ್ಟಿ ದಾರ. ಗುಬ್ಬಿಗಳಿಗೆ ನೀರಿಡಲು ಮಾಡಿಕೊಂಡಿದ್ದಾಳೆ ಎಂದುಕೊಂಡು ಅವನ್ನು ನೀರೊಲೆಗೆ ಹಾಕಿದೆ. ಅವತ್ತು ನೀರು ಬೇಗ ಕಾಯಿತು.

ಕೊನೆಗೆ ಉಳಿದದ್ದು ಕಲ್ಲಿನ ಡಬ್ಬಿ. ಕಲ್ಲಿನಲ್ಲಿ ಮಾಡಿದ್ದಲ್ಲ, ಹಿತ್ತಾಳೆಯದು, ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದು, ಮುಚ್ಚಳ ಬಲು ಬಿಗಿ. ಒಳಗೆ ಹಳೆಯ ಕುಪ್ಪಸದ ತುಂಡಿನಲ್ಲಿ ಸುತ್ತಿದ ನಾಲ್ಕು ಬೆಳ್ಳಿಯ ನಾಣ್ಯಗಳು: ಒಂದು ರೂಪಾಯಿ, ಒಂದು ಎಂಟಾಣೆ, ಒಂದು ನಾಲ್ಕಾಣೆ, ಹೆಬ್ಬೆರಳ ಉಗುರಿನಷ್ಟು ಸಣ್ಣದೊಂದು ಎರಡಾಣೆ. ಬ್ರಿಟಿಷರ ಕಾಲದವು. ಅವ್ವನಿಗೆ ಅವಳ ಅವ್ವನಿಂದ ಬಂದವು. ಮೇಲಿದ್ದ ರಾಜನ ಮುಖದಲ್ಲಿ ಮೂಗು ಯಾವುದು, ಗಡ್ಡ ಯಾವುದು ಎಂದು ತಿಳಿಯದಷ್ಟು ಸವೆದಿದ್ದವು. ಪ್ರತಿ ಲಕ್ಷ್ಮೀಪೂಜೆಗೂ ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಯಾವ ರಾಜ ತಾನೇ ಉಳಿದಾನು?

ಅವ್ವ ಇವನ್ನು ನಾಣ್ಯ ಎನ್ನುತ್ತಿರಲಿಲ್ಲ, ದುಡ್ಡು ಎನ್ನುತ್ತಿರಲಿಲ್ಲ, ಕಲ್ಲು ಎನ್ನುತ್ತಿದ್ದಳು. "ಆ ಕಲ್ಲಿನ ಡಬ್ಬಿ ಮುಟ್ಟಿದ್ರ ಕೈ ಮುರೀತೀನಿ ನೋಡಲೇ" ಎಂದು ನನ್ನನ್ನು ಗದರುತ್ತಿದ್ದಳು. ಅಂಗಡಿಯವರು ಯಾರೂ ತಗೊಳ್ಳದ ದುಡ್ಡು ಕಲ್ಲಿಗೆ ಸಮ ಎಂದು ಹಾಗೆ ಹೇಳುತ್ತಾಳೆ ಎಂದು ನಾನು ತಿಳಿದಿದ್ದೆ. ತಗೊಳ್ಳುವುದಿಲ್ಲ ಎಂಬುದನ್ನು ಸ್ವತಃ ಪರೀಕ್ಷೆ ಮಾಡಿಯೂ ನೋಡಿದ್ದೆ. ಮೂರನೇ ಇಯತ್ತೆಯಲ್ಲಿದ್ದಾಗ ಎರಡಾಣೆಯನ್ನು ಕದ್ದು ಪೆಪ್ಪರಮಿಂಟಿಗೆಂದು ಓಡಿದ್ದೆ. ಅಂಗಡಿಯವನು ಅದನ್ನು ತಿರುಗಿಸಿ ನೋಡಿ ನನ್ನ ಕಿವಿ ಹಿಡಿದುಕೊಂಡೇ ಮನೆಗೆ ತಂದುಬಿಟ್ಟ. ಅವ್ವ ಬೆನ್ನಿಗೆರಡು ಕೊಟ್ಟು, ಆಮೇಲೆ ತಾನೇ ಅತ್ತುಬಿಟ್ಟಳು. "ಇದೊಂದು ಹೋಗಿದ್ರ ಉಳದ ಮೂರೂ ದಂಡಾಗ್ತಿದ್ವಲ್ಲೇ" ಅಂದಳು. ಎರಡಾಣೆ ಹೋದರೆ ಒಂದು ರೂಪಾಯಿ ಯಾಕೆ ದಂಡವಾಗುತ್ತದೆ ಎಂದು ನನಗೆ ಅವತ್ತು ತಿಳಿಯಲಿಲ್ಲ. ಲೆಕ್ಕದ ವಿಭಾಗಕ್ಕೆ ಸೇರಿದ ಮೇಲಂತೂ ಆ ಮಾತು ಇನ್ನಷ್ಟು ತಪ್ಪಾಗಿ ಕಂಡಿತು.

ಈ ಡಬ್ಬಿಯ ಕಥೆ ಮುಂದುವರಿಯಬೇಕಾದರೆ ಅವ್ವನ ಖಾರದ ಕಥೆ ಹೇಳಬೇಕು. ಬಾಣಂತಿಯರಿಗೆ ಕೊಡುವ ಖಾರ. ನಮ್ಮ ಬಳಗದಲ್ಲಿ ಎಲ್ಲಿ ಹೆರಿಗೆಯಾದರೂ ಅವ್ವನಿಗೆ ಕರೆ ಬರುತ್ತಿತ್ತು. ಹುಟ್ಟಿದ ಹನ್ನೊಂದನೇ ದಿನದಿಂದ ತಿಂಗಳೊಂಬತ್ತು ದಿನದವರೆಗೆ, ದಿನಾ ಊಟದ ಮೊದಲ ತುತ್ತು ಅದರದೇ: ಬಿಸಿ ಅನ್ನ, ತುಪ್ಪ, ಒಂದು ಚಿಟಿಕೆ ಖಾರ. ಅದನ್ನು ಮಾಡುವ ದಿನ ಅವ್ವ ತಲೆಗೆ ಸ್ನಾನ ಮಾಡಿ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬಾಣಂತಿಯ ಖಾರಕ್ಕೆ ಕಣ್ಣು ಬೀಳಬಾರದು, ಸಾಮಾನು ಹಾಕುವುದನ್ನು ಯಾರೂ ನೋಡಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಒಳಗೆ ಬಹಳ ಹೊತ್ತು ಸದ್ದೇ ಇರುತ್ತಿರಲಿಲ್ಲ. ಆಮೇಲೆ ಹುರಿಯುವ ವಾಸನೆ, ಆಮೇಲೆ ಕುಟ್ಟುವ ಸದ್ದು. ಹೊರಗೆ ಪಡಸಾಲೆಯಲ್ಲಿ ನಾವೆಲ್ಲ ಸೀನುತ್ತ ಕೂತಿರುತ್ತಿದ್ದೆವು.

ನನ್ನ ಎರಡೂ ಬಾಣಂತನದಲ್ಲಿ ಆ ಖಾರ ತಿಂದಿದ್ದೇನೆ. ನಾಲಿಗೆಗೆ ಮೊದಲು ಶುಂಠಿ ತಾಗುತ್ತಿತ್ತು, ಗಂಟಲಿಗಿಳಿಯುವಾಗ ಓಂಕಾಳು, ನುಂಗಿದ ಮೇಲೆ ಎಲ್ಲಿಂದಲೋ ಒಂದು ಸಣ್ಣ ಸಿಹಿ ಘಮ. ಅವ್ವ ತನ್ನ ಕೈಯಿಂದಲೇ ಕಲೆಸಿ ಬಾಯಿಗಿಡುತ್ತಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು, ಮೈಯೆಲ್ಲ ಬೆಚ್ಚಗಾಗುತ್ತಿತ್ತು, ಈ ಹೆಂಗಸು ಇರುವ ತನಕ ನನಗೇನೂ ಆಗುವುದಿಲ್ಲ ಎನ್ನಿಸುತ್ತಿತ್ತು. ಎರಡನೇ ಸಲ ಮಗ ಹುಟ್ಟಿದಾಗ ಮಗಳಿಗೆ ಐದು ವರ್ಷ. ಅವಳೂ ಬಾಯಿ ತೆರೆದುಕೊಂಡು ಪಕ್ಕದಲ್ಲಿ ನಿಂತಳು. ಅವ್ವ ಅವಳಿಗೂ ಒಂದು ಸಣ್ಣ ತುತ್ತು ಹಾಕಿದಳು. ಅವಳು "ಹಾ, ಹಾ" ಎಂದು ಮನೆಯೆಲ್ಲ ಓಡಿ, ತಿರುಗಿ ಬಂದು ಇನ್ನೊಂದು ತುತ್ತಿಗೆ ಬಾಯಿ ತೆರೆದಳು.

ಕೈಕಾಲು ಸೋಲುತ್ತ ಬಂದ ದಿನಗಳಲ್ಲಿ ಒಂದು ಬೆಳಿಗ್ಗೆ, ನಾನು ಚಪ್ಪಲಿ ಮೆಟ್ಟುತ್ತಿದ್ದಾಗ, ಅವ್ವ ಬಾಗಿಲಿಗೆ ಬಂದು ಒಂದು ಹಾಳೆ ಕೊಟ್ಟಳು. ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಬರೆದದ್ದು.

"ಖಾರದ್ದು ಇದರಾಗ ಬರದೀನಿ. ನಿನ್ನ ಮಗಳ ಬಾಣಂತನಕ್ಕ ನಾ ಇರ್ತೀನೋ ಇಲ್ಲೋ" ಅಂದಳು.

"ಬಸ್ ಬಂತವ್ವ, ಸಂಜಿಗೆ ಹೇಳೀಯಂತ" ಅಂದೆ.

ಬಸ್ಸಿನಲ್ಲಿ ತೆಗೆದು ಓದಿದೆ. ಜೀರಿಗಿ ಐದು ರೂಪಾಯಿ. ಒಣಶುಂಠಿ ಮೂರು ರೂಪಾಯಿ. ಓಂಕಾಳು ಎರಡು ರೂಪಾಯಿ. ಮೆಣಸು ಎರಡು ರೂಪಾಯಿ. ಹಿಪ್ಪಲಿ ಎಂಟಾಣೆ. ಜಾಜಿಕಾಯಿ ನಾಕಾಣೆ. ಜಾಪತ್ರಿ ಎರಡಾಣೆ. ಕೆಳಗೆ ಒಂದು ಸಾಲು: ಬಾಕಿ ನಿನ್ನ ಕೈಯಾಗ.

ನನಗೆ ನಗು ಬಂತು. ಎಷ್ಟು ಹಾಕಬೇಕೆಂದು ಬರೆಯುವುದು ಬಿಟ್ಟು ಯಾವ ಕಾಲದಲ್ಲೋ ಕೊಟ್ಟ ರೇಟು ಬರೆದಿದ್ದಾಳಲ್ಲ ಮುದುಕಿ ಅಂದುಕೊಂಡೆ. ಬಾಕಿ ಅಂದರೆ ನಾನು ಯಾವಾಗಲೋ ಅವಳಿಂದ ಇಸಕೊಂಡು ಮರೆತ ದುಡ್ಡಿರಬೇಕು. ಕೈ ಸುಮ್ಮನಿರಬೇಕಲ್ಲ, ಪೆನ್ಸಿಲ್ ತೆಗೆದು ಒಂದೊಂದು ಸಾಲಿಗೂ ಸರಿ ಗುರುತು ಹಾಕಿ ಕೂಡಿಸಿದೆ. ಹನ್ನೆರಡು ರೂಪಾಯಿ ಹದಿನಾಲ್ಕಾಣೆ. ಅವ್ವನ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದು ಮೊತ್ತ ಬರೆದು ಡೈರಿಯೊಳಗಿಟ್ಟೆ. ಸಂಜೆ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಆಮೇಲೆ ಕೇಳಲು ಅವಳಿರಲಿಲ್ಲ.

ನಾನು ನಿವೃತ್ತಳಾದ ಮೇಲೆ ಮಗಳು ಹೆರಿಗೆಗೆಂದು ಸಂಡೂರಿನಿಂದ ಹೊಸಪೇಟೆಗೆ, ನಮ್ಮ ಮನೆಗೆ ಬಂದಳು. ಹೆಣ್ಣು ಮಗು ಹುಟ್ಟಿತು. ಎಲ್ಲ ಸುಸೂತ್ರವಾಯಿತು. ಹನ್ನೊಂದನೇ ದಿನ ಹತ್ತಿರ ಬಂದಾಗ ಮಗಳು ತನಗಾಗಿ ಕೇಳಿದ್ದು ಒಂದೇ.

"ಅಮ್ಮ, ಅಜ್ಜಿ ಖಾರ ಮಾಡ್ತಿಯಲ್ಲ?"

"ಮಾಡ್ತೀನಿ. ಅಜ್ಜಿ ಬರದಿಟ್ಟಾಳ" ಅಂದುಬಿಟ್ಟೆ.

ಡೈರಿಯಿಂದ ಹಾಳೆ ತೆಗೆದು ಕೂತೆ. ಲೆಕ್ಕದವಳಿಗೆ ಲೆಕ್ಕದ ದಾರಿಯೇ ಹೊಳೆಯುತ್ತದೆ. ಆಗಿನ ಒಂದು ರೂಪಾಯಿಗೆ ಈಗಿನ ನೂರು ಎಂದಿಟ್ಟುಕೊಂಡರೆ, ಎಲ್ಲವನ್ನೂ ನೂರರಿಂದ ಗುಣಿಸಿದರೆ ಮುಗಿಯಿತು. ಬೇರು, ಮಸಾಲೆ ಮಾರುವ ಗ್ರಂಧಿಗೆ ಅಂಗಡಿಗೆ ಹೋಗಿ ಐನೂರು ರೂಪಾಯಿಯ ಜೀರಿಗೆ, ಮುನ್ನೂರರ ಶುಂಠಿ, ಇನ್ನೂರರ ಮೆಣಸು ಎಂದು ಹೇಳುತ್ತ ಬಂದೆ. ಜಾಪತ್ರೆಗೆ ಹನ್ನೆರಡೂವರೆ ರೂಪಾಯಿ ಅಂದಾಗ ಅಂಗಡಿಯವನು ತಲೆಯೆತ್ತಿ ನೋಡಿದ. "ಅಷ್ಟಕ್ಕ ನಾಕು ಎಸಳು ಬರ್ತಾವ ನೋಡ್ರಿ ಅಮ್ಮಾರ. ಜೀರಿಗಿ ನೋಡಿದ್ರ ಚೀಲ ತುಂಬೇತಿ. ಮದುವಿ ಐತೇನ್ರಿ?" ಅಂದ. ನಾನು ದುಡ್ಡು ಎಣಿಸಿ ಕೊಟ್ಟು ಚೀಲ ಎತ್ತಿಕೊಂಡೆ. ಮನೆಗೆ ಬಂದು, ಸ್ನಾನ ಮಾಡಿ, ಬಾಗಿಲು ಹಾಕಿಕೊಂಡು, ಹುರಿದು, ಕುಟ್ಟಿ, ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲೆಸಿ ಮಗಳ ಬಾಯಿಗಿಟ್ಟೆ.

ಅವಳು ಬಹಳ ಹೊತ್ತು ಅಗಿದಳು. ನನ್ನ ಮನಸ್ಸಿಗೆ ನೋವಾಗಬಾರದೆಂದು ನುಂಗಿದಳು. "ಅಮ್ಮ, ಇದು ಜೀರಿಗಿ ಪುಡಿ" ಅಂದಳು ಮೆಲ್ಲಗೆ.

ಮರುದಿನ ಹಾಳೆ ಹಿಡಿದುಕೊಂಡು ಕಂಪ್ಲಿಯ ಬಸ್ಸು ಹತ್ತಿದೆ. ಚಿಗವ್ವ ಮೂರು ಬಾಣಂತನದಲ್ಲಿ ಅದೇ ಖಾರ ತಿಂದವಳು. ಕನ್ನಡಕ ಹಾಕಿಕೊಂಡು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದಳು.

"ಆಗ ಹಂಗ ಇತ್ತವ್ವ ರೇಟು. ಭಾಳ ಸೋವಿ ಇತ್ತು" ಅಂದಳು.

"ರೇಟಲ್ಲ ಚಿಗವ್ವ, ಎಷ್ಟೆಷ್ಟು ಹಾಕ್ತಿದ್ಲು ಅದು ಬೇಕು ನನಗ."

"ಅಕ್ಕ ಬಾಗಿಲಾ ಹಾಕ್ಕೊಂಡು ಮಾಡ್ತಿದ್ಲು. ನಾ ಹೊರಗ ಕುಂತು ಸೀನ್ತಿದ್ದೆ. ತಿನ್ನಾದು ಒಂದು ಗೊತ್ತು ನನಗ." ಅಷ್ಟು ಹೇಳಿ ಚಿಗವ್ವ ಹಾಳೆಯ ಮೇಲೆ ಅವ್ವನ ಅಕ್ಷರಗಳನ್ನು ಬೆರಳಿನಿಂದ ಸವರಿದಳು. "ಮಾಡಿದ್ರ ನನಗೂ ಒಂದು ತುತ್ತು ಇಡು. ಸಾಯಾದ್ರೊಳಗ ಇನ್ನೊಂದ್ಸಲ ತಿನ್ಬೇಕು ಅನಸ್ತತಿ" ಅಂದಳು. ತಿರುಗಿ ಬರುವಾಗ ಬಸ್ಸಿನ ಕಿಟಕಿಯಾಚೆ ಕಬ್ಬಿನ ಗದ್ದೆಗಳು ಮುಗಿಯುವ ತನಕ ನನ್ನನ್ನು ನಾನೇ ಬೈದುಕೊಂಡೆ. ಒಂದು ಸಂಜೆ, ಕಾಲು ಗಂಟೆ, ಅಷ್ಟು ಸಾಕಿತ್ತು ಕೇಳಲು.

ಆ ವಾರದ ಕೊನೆಗೆ ಅಳಿಯ ಮಗುವನ್ನು ನೋಡಲು ಬಂದರು. ಸಂಡೂರಿನ ಕಡೆ ಅದಿರಿನ ಲಾರಿ ತೂಗುವ ವೇ ಬ್ರಿಡ್ಜಿನಲ್ಲಿ ಅವರಿಗೆ ಕೆಲಸ. ಒಳ್ಳೆಯ ಮನುಷ್ಯ, ಒಂದೇ ದೌರ್ಬಲ್ಯವೆಂದರೆ ಮೊಬೈಲಿನಲ್ಲಿ ಬಂದದ್ದೆಲ್ಲ ನಿಜ ಎಂದು ನಂಬುವುದು. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಎನ್ನುವ ವೀಡಿಯೊ ಒಂದನ್ನು ನನ್ನ ಮುಂದೆ ಹಿಡಿದರು.

"ಅತ್ತೀ, ಅಜ್ಜಿದು ಒಂದು ಡಬ್ಬಿ ಐತಂತಲ್ರಿ. ಎಷ್ಟು ಬಾಳ್ತಾವ ತಿಳ್ಕೊಳ್ರಿ ಒಮ್ಮಿ."

"ನಮ್ಮವ್ವ ಅವನ್ನ ಕಲ್ಲು ಅಂತಿದ್ಲು, ನೀವು ಲಕ್ಷ ಅಂತೀರಿ" ಅಂದೆ. ಆದರೆ ಸುಳ್ಳು ಯಾಕೆ ಹೇಳಲಿ, ನನಗೂ ಆಸೆ ಹುಟ್ಟಿತು. ಖಾರ ಕೈಕೊಟ್ಟಿತು, ಮಗುವಿಗೆ ಅವ್ವನ ಕಡೆಯಿಂದ ಇನ್ನೇನಾದರೂ ಸಿಗಲಿ ಎಂದು.

ಇಬ್ಬರೂ ಅವರ ಬೈಕಿನಲ್ಲಿ ಹಂಪಿಗೆ ಹೋದೆವು. ಅಲ್ಲಿ ಪ್ರವಾಸಿಗಳಿಗೆ ಹಿತ್ತಾಳೆ ದೀಪ, ಹಳೆಯ ಬೀಗ, ನಾಣ್ಯ ಮಾರುವ ಒಬ್ಬಾತನ ಅಂಗಡಿ ಅಳಿಯನಿಗೆ ಗೊತ್ತಿತ್ತು. ಆತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಾಲ್ಕನ್ನೂ ನೋಡಿದ. ಎರಡೇ ನಿಮಿಷ. ಹುಣಸೆಹಣ್ಣಿನಿಂದ ತೊಳೆದಿದ್ದೀರಾ ಎಂದು ಕೇಳಿದ. ಹೌದು ಎಂದೆ. ಅವನು ಭೂತಗನ್ನಡಿ ತೆಗೆದಿಟ್ಟ.

"ಮಣ್ಣು ಹತ್ತಿದ್ರೂ ಚಲೋ ಇತ್ರಿ ಅಮ್ಮಾರ, ತೊಳದು ಕೆಡಿಸೀರಿ. ಇಸ್ವಿ ಕಾಣವಲ್ದು, ಮುಖ ಕಾಣವಲ್ದು. ಬೆಳ್ಳಿ ರೇಟು ಬಂದ್ರ ಬಂತು." ಆಮೇಲೆ ರೂಪಾಯಿಯನ್ನು ಮೂಗಿನ ಹತ್ತಿರ ಹಿಡಿದು, "ಇದೇನ್ರಿ, ಮಸಾಲಿ ವಾಸನಿ ಹೊಡಿತತಿ?" ಅಂದ.

"ಅಡಿಗಿಮನ್ಯಾಗ ಇಡ್ತಿದ್ರು" ಅಂದೆ. ಸರಿಯಾಗಿ ಆ ಕ್ಷಣ ನನ್ನ ಬುದ್ಧಿ ಕೆಲಸ ಮಾಡಬೇಕಿತ್ತು. ಮಾಡಲಿಲ್ಲ. ಅಳಿಯ ದಾರಿಯುದ್ದಕ್ಕೂ ಆ ಅಂಗಡಿಯವನಿಗೆ ಏನೂ ಗೊತ್ತಿಲ್ಲ ಎಂದು ವಾದಿಸಿದರು. ನಾನು ಮಾತ್ರ ಅವ್ವ ಹೇಳಿದ್ದೇ ಸರಿ, ಇವು ಕಲ್ಲೇ ಎಂದುಕೊಂಡೆ. ಮನೆಗೆ ಬಂದು ಹೇಳಿದಾಗ ಮಗಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ಹಂಗಾದ್ರ ಕರಗಿಸಿ ಇಕಿಗೆ ಕಾಲ್ಗಡಗ ಮಾಡಿಸಮ್ಮ. ಅಜ್ಜಿದು ಕಾಲಾಗ ಇರ್ತತಿ" ಅಂದಳು. ನನಗೂ ಅದು ಒಳ್ಳೆಯದೆನ್ನಿಸಿತು. ಈ ಮಾತಿಗೆ ಯಾರೂ ಅಡ್ಡ ಬರಲಿಲ್ಲ.

ಮಾರನೇ ದಿನ ಒಬ್ಬಳೇ ಹೊಸಪೇಟೆಯ ಬಜಾರಿನಲ್ಲಿ ನಮ್ಮ ಗುರುತಿನ ಅಕ್ಕಸಾಲಿಗರ ಅಂಗಡಿಗೆ ಹೋದೆ. ನನ್ನ ವಾರಿಗೆಯವರು. ಮೊದಲು ಬೆಳ್ಳಿ ಎಷ್ಟು ಅಪ್ಪಟ ನೋಡಬೇಕು ಎಂದು ಎರಡಾಣೆಯನ್ನು ಕತ್ತರಿಗೆ ಕೊಟ್ಟು ಎರಡು ತುಂಡು ಮಾಡಿದರು. ಒಳಗೆ ಬೆಳ್ಳಗಿತ್ತು. "ಚಲೋ ಬೆಳ್ಳಿ ಐತ್ರಿ" ಎಂದು ರೂಪಾಯಿಯನ್ನು ಮಿಷಿನ್ನಿನ ಮೇಲಿಟ್ಟರು. ಹನ್ನೊಂದು ಗ್ರಾಂ ಚಿಲ್ಲರೆ ತೋರಿಸಿತು.

"ನೋಡ್ರಿ, ಎಷ್ಟು ಸವದಿದ್ರೂ ಹೆಚ್ಚು ಕಮ್ಮಿ ಒಂದು ತೊಲಿ ಐತಿ. ಈಗಿನವ್ರು ಹತ್ತು ಗ್ರಾಮಿಗೆ ತೊಲಿ ಅಂತಾರ. ಅಸಲಿ ತೊಲಿ ಅಂದ್ರ ಈ ರೂಪಾಯಿ ತೂಕ. ಎಂಟಾಣಿ ಅಂದ್ರ ಅರ್ಧ ತೊಲಿ, ನಾಕಾಣಿ ಅಂದ್ರ ಅದರಾಗ ಅರ್ಧ. ಹಿಂಗ ಲೆಕ್ಕ ಹಿಡದು ಮಾಡಿದ್ರು ಆಗ." ಅವರು ಎಂಟಾಣೆಯನ್ನು ಕೈಗೆ ತೆಗೆದುಕೊಂಡರು. "ನಮ್ಮಪ್ಪನ ಹತ್ರ ತೂಕದ ಕಲ್ಲು ಕಳದುಹೋಗಿದ್ವು. ಸಾಯಾತನಕ ಇಂಥಾ ರೂಪಾಯೀನ ಕಲ್ಲು ಮಾಡ್ಕೊಂಡು ತೂಗಿದ."

"ಏನಂದ್ರಿ?"

"ಕಲ್ಲು ಮಾಡ್ಕೊಂಡಿದ್ದ ಅಂದೆರಿ. ತೂಕದ ಕಲ್ಲು."

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಜೀರಿಗಿ ಐದು ರೂಪಾಯಿ. ಹಿಪ್ಪಲಿ ಎಂಟಾಣೆ. ಜಾಪತ್ರಿ ಎರಡಾಣೆ. ಅಷ್ಟೂ ಸಾಮಾನಿನಲ್ಲಿ ತುಟ್ಟಿಯಾದ ಜಾಪತ್ರೆಗೆ ಎಲ್ಲಕ್ಕಿಂತ ಕಡಿಮೆ ರೇಟು ಯಾಕೆ ಎಂದು ಒಂದು ದಿನವಾದರೂ ನಾನು ಕೇಳಿಕೊಂಡಿರಲಿಲ್ಲ. ಊರಿನವರ ಬಿಲ್ಲಿನಲ್ಲಿ ಒಂದು ಪೈಸೆ ತಪ್ಪಿದ್ದರೆ ಹಿಡಿಯುತ್ತಿದ್ದವಳು ನನ್ನ ತಾಯಿಯ ಹಾಳೆಯನ್ನು ಓದಲಾರದೆ ಸರಿ ಗುರುತು ಹಾಕಿ ಮಡಿಚಿಟ್ಟಿದ್ದೆ. ಅವಳು ರೇಟು ಬರೆದಿರಲಿಲ್ಲ. ತೂಕ ಬರೆದಿದ್ದಳು. ಬಾಗಿಲ ಹಿಂದಿನ ಆ ಚಿಪ್ಪುಗಳು ಗುಬ್ಬಿಯ ನೀರಿಗಲ್ಲ, ತಕ್ಕಡಿಯ ತಟ್ಟೆಗಳು. ನಾನು ಅವುಗಳಿಂದ ನೀರು ಕಾಯಿಸಿಕೊಂಡು ಸ್ನಾನ ಮಾಡಿದ್ದೆ.

ಅಕ್ಕಸಾಲಿಗರು ಮೂಸೆಯನ್ನು ಮುಂದಕ್ಕೆಳೆದುಕೊಂಡು, ಕರಗಿಸಲಿ ಏನ್ರಿ ಎಂದು ಕೇಳಿದರು.

"ಬ್ಯಾಡ್ರಿ" ಅಂದೆ. "ಆ ಎರಡು ತುಂಡು ಸೈತ ಕೊಡ್ರಿ ನನಗ."

ಅವರು ತಪ್ಪು ತಮ್ಮದೇ ಎನ್ನುವಂತೆ ಮುಖ ಮಾಡಿಕೊಂಡು, ತುಂಡುಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟರು. ಇನ್ನೊಂದು ಸಲ ಎರಡನ್ನೂ ಜೊತೆಗಿಟ್ಟು ತೂಗಿ ತೋರಿಸಿ, "ತುಂಡಾದ್ರೂ ತೂಕಕ್ಕೇನೂ ಆಗಿಲ್ರಿ" ಅಂದರು. ನಾನು ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ವಿಷಯ ತಿಳಿದಾಗ ಎಲ್ಲರಿಗಿಂತ ಹೆಚ್ಚು ನಾಚಿಕೊಂಡವರು ಅಳಿಯ. ಅಷ್ಟರಲ್ಲಿ ಸಂಡೂರಿಗೆ ತಿರುಗಿ ಹೋಗಿದ್ದ ಅವರು ಫೋನಿನಲ್ಲಿ ಕೇಳಿ, "ನಾ ದಿನಾ ಬೆಳಗಾದ್ರ ತೂಗಾವ್ರಿ ಅತ್ತೀ. ನನಗ ಹೊಳೀಲಿಲ್ಲ ನೋಡ್ರಿ" ಅಂದರು. ರಜೆ ಹಾಕಿ ಬಂದು ತಾವೇ ಎರಡು ಚಿಪ್ಪು ಕೆರೆದು ನುಣುಪು ಮಾಡಿ, ತೂತು ಕೊರೆದು, ಬಿದಿರಿನ ಕಡ್ಡಿಗೆ ಕಟ್ಟಿದರು. ಒಂದು ಕಡೆ ಕೆರೆಯುವುದು, ಎತ್ತಿ ಹಿಡಿದು ನೋಡುವುದು, ಇನ್ನೊಂದು ಕಡೆ ಕೆರೆಯುವುದು. ಮಧ್ಯಾಹ್ನವೆಲ್ಲ ಅದೇ ಆಯಿತು. ಕೊನೆಗೆ, "ಜೀರೋ ಬಂ‍ತ್ರಿ" ಅಂದರು. ಮಗಳು ನಕ್ಕಳು. ಮಿಷಿನ್ನಿನಲ್ಲಿ ಗ್ರಾಂ ಲೆಕ್ಕ ಹಾಕಿದರೆ ಐದು ನಿಮಿಷದ ಕೆಲಸ ಎಂದಳು. ಅದು ನಿಜ. ಆದರೆ ನನಗೆ ಪುಸ್ತಕದ ತೊಲ ಬೇಕಿರಲಿಲ್ಲ, ಅವ್ವ ಉಜ್ಜಿ ಉಜ್ಜಿ ಸವೆಸಿದ ತೊಲವೇ ಬೇಕಿತ್ತು.

ಮಗು ಹುಟ್ಟಿದ ಇಪ್ಪತ್ತೆರಡನೇ ದಿನ ತಲೆಗೆ ಸ್ನಾನ ಮಾಡಿ ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ಒಂದು ಚಿಪ್ಪಿನಲ್ಲಿ ರೂಪಾಯಿ, ಇನ್ನೊಂದರಲ್ಲಿ ಜೀರಿಗೆ. ಕಡ್ಡಿ ನೆಟ್ಟಗಾಗುವ ತನಕ ಉಸಿರು ಬಿಗಿಹಿಡಿದು ಕಾಳು ಹಾಕುವುದು, ತೆಗೆಯುವುದು. ಹೀಗೆ ಐದು ಸಲ. ಒಳಗಿನಿಂದ ಯಾಕೆ ಅಷ್ಟು ಹೊತ್ತು ಸದ್ದೇ ಬರುತ್ತಿರಲಿಲ್ಲ ಎಂಬುದು ನನಗೆ ಈಗ ಅರ್ಥವಾಯಿತು. ಎಂಟಾಣೆಗೆ ಹಿಪ್ಪಲಿ, ನಾಲ್ಕಾಣೆಗೆ ಜಾಜಿಕಾಯಿಯ ಚೂರು. ಕೊನೆಗೆ ಎರಡಾಣೆಯ ಎರಡು ತುಂಡನ್ನೂ ಜೊತೆಗಿಟ್ಟು ಜಾಪತ್ರೆ ತೂಗಿದೆ. ಇದೊಂದು ಹೋಗಿದ್ದರೆ ಮೂರೂ ದಂಡವಾಗುತ್ತಿದ್ದವು ಎಂದು ಅವ್ವ ಅತ್ತದ್ದು ನೆನಪಾಯಿತು. ಜಾಪತ್ರೆ ತೂಗಲು ಆ ಮೂರರಲ್ಲಿ ಯಾವುದೂ ಬರುವುದಿಲ್ಲ. ನುಂಗಿದ ಮೇಲೆ ಬರುವ ಆ ಸಿಹಿ ಘಮ ಅದರದೇ.

ಹುರಿದು ಕುಟ್ಟುವಾಗ ನಾನು ಸೀನುತ್ತಿದ್ದೆ, ಅಳುತ್ತಲೂ ಇದ್ದೆ. ಎರಡಕ್ಕೂ ಖಾರವೇ ಕಾರಣ ಎಂದು ಹೊರಗಿನವರು ತಿಳಿದಿರಬೇಕು. ಆಮೇಲೆ ಬೆಳ್ಳುಳ್ಳಿ, ಕೊಬ್ಬರಿ, ಉಪ್ಪು ಹಾಕಬೇಕು. ಎಷ್ಟು ಎಂದು ಹಾಳೆ ನೋಡಿದೆ. ಅವು ಹಾಳೆಯಲ್ಲಿ ಇರಲೇ ಇಲ್ಲ. ಇದ್ದದ್ದು ಕೊನೆಯ ಸಾಲು ಮಾತ್ರ: ಬಾಕಿ ನಿನ್ನ ಕೈಯಾಗ. ಅದರ ಕೆಳಗೆ ನನ್ನ ಪೆನ್ಸಿಲಿನ ಎರಡು ಗೆರೆ, ಹನ್ನೆರಡು ರೂಪಾಯಿ ಹದಿನಾಲ್ಕಾಣೆ.

ಉಳಿದದ್ದನ್ನು ನಿನ್ನ ಕೈಯ ಅಳತೆಯಲ್ಲಿ ಹಾಕು ಎಂದು ಬರೆದಿದ್ದಳು. ನಾನು ಅದನ್ನು ಇಸಕೊಂಡ ದುಡ್ಡು ಎಂದು ಓದಿದ್ದೆ. ಗೆರೆಗಳನ್ನು ಅಳಿಸೋಣವೆಂದರೆ ಹಾಳೆ ಮಡಿಕೆಯಲ್ಲಿ ಹರಿಯುವ ಹಾಗಿತ್ತು. ಹಾಗೇ ಬಿಟ್ಟೆ. ಮೂರು ಬೆರಳಲ್ಲಿ ಉಪ್ಪು ತೆಗೆದುಕೊಂಡೆ, ಅವ್ವನ ಬೆರಳು ಎಷ್ಟು ದಪ್ಪ ಇದ್ದವೆಂದು ನೆನಪು ಮಾಡಿಕೊಂಡೆ, ಇನ್ನೊಂದಿಷ್ಟು ತೆಗೆದುಕೊಂಡು ಹಾಕಿದೆ.

ಹೇಳಿ ಕಳಿಸಿದ್ದರಿಂದ ಚಿಗವ್ವ ಕಂಪ್ಲಿಯಿಂದ ಬಾಳೆಹಣ್ಣು ಹಿಡಿದುಕೊಂಡು ಬಂದಿದ್ದಳು. ಮೊದಲ ತುತ್ತು ಬಾಣಂತಿಗೆ. ಮಗಳು ಬಾಯಿಗಿಟ್ಟುಕೊಂಡು, "ಹಾ" ಎಂದು ಬಾಯಿ ತೆರೆದು ಗಾಳಿ ಬೀಸಿಕೊಂಡಳು. ಕಣ್ಣಲ್ಲಿ ನೀರು ತುಂಬಿಕೊಂಡೇ ಐದು ವರ್ಷದ ಹುಡುಗಿಯಾಗಿದ್ದಾಗಿನ ಹಾಗೆ ತಿರುಗಿ ಬಾಯಿ ತೆರೆದಳು. ಅಷ್ಟರಲ್ಲೇ ನನಗೆ ಗೊತ್ತಾಯಿತು. ಎರಡನೇ ತುತ್ತು ಚಿಗವ್ವನಿಗೆ. ಅವಳು ಕಣ್ಣು ಮುಚ್ಚಿಕೊಂಡು ನಿಧಾನಕ್ಕೆ ಅಗಿದಳು, ನುಂಗಿದಳು, ನುಂಗಿ ಕಾದಳು.

"ಅಕ್ಕಂದು" ಅಂದಳು. "ಹೌದವ್ವ, ಅಕ್ಕಂದು ಇದು." ತುಟಿ ಸವರಿಕೊಂಡು, "ಉಪ್ಪು ಒಂದು ಅಕಿದಲ್ಲ" ಅಂದಳು.

"ಕಮ್ಮಿ ಆತೇನು ಚಿಗವ್ವ?"

"ಕಮ್ಮಿ ಅಲ್ಲ, ಹೆಚ್ಚೂ ಅಲ್ಲ. ಇದು ನಿನ್ನ ಕೈ."

ಅವಳು ಮೆಚ್ಚಿಯೇ ಹೇಳಿದ್ದು. ನಾನು ಆಗಲಿ ಎಂದು ತಲೆಯಾಡಿಸಿ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ಎರಡಾಣೆ ಜಾಪತ್ರೆಯವರೆಗೆ ಅವ್ವ ನನ್ನ ಪಕ್ಕದಲ್ಲೇ ಇದ್ದಳು. ಉಪ್ಪಿಗೆ ಬಂದಾಗ ನನ್ನ ಕೈಗೆ ಬಿಟ್ಟು ಹೋದಳು. ಡಬ್ಬಿಯಿಂದ ರೂಪಾಯಿಯನ್ನು ತೆಗೆದು ಮೂಸಿದೆ. ಶುಂಠಿ, ಓಂಕಾಳು, ಹಿತ್ತಾಳೆ. ಇಷ್ಟು ದಿನ ಖಾರ ಬೇಕು, ಖಾರ ಬೇಕು ಎಂದು ಊರೂರು ತಿರುಗಿದೆನಲ್ಲ, ನನಗೆ ಬೇಕಾಗಿದ್ದವಳು ಅವ್ವ. ಬಸ್ಸು ಬಿಟ್ಟು ಅವಳ ಮುಂದೆ ಕೂತು, ಹೇಳವ್ವ, ಉಪ್ಪು ಎಷ್ಟು ಎಂದು ಕೇಳಬೇಕಾಗಿತ್ತು.

"ಅಮ್ಮ, ಇನ್ನೊಂದು ತುತ್ತು ಹಾಕು ಬಾ" ಎಂದು ಮಗಳು ಕೋಣೆಯಿಂದ ಕರೆದಳು. ಮಗುವೂ ಎದ್ದಿತ್ತು. ನಾನು ರೂಪಾಯಿಯನ್ನು ಕುಪ್ಪಸದ ತುಂಡಿನಲ್ಲಿ ಸುತ್ತಿಟ್ಟು, ಕೈ ತೊಳೆದುಕೊಂಡು, ಅನ್ನ ಕಲೆಸಲು ಹೋದೆ.